ಶಸ್ತ್ರಚಿಕಿತ್ಸೆಯಾದ ಬೆಕ್ಕಿನ ಶುಶ್ರೂಷೆ

ಕಳೆದ ವರ್ಷ ನಮ್ಮ ವಸತಿಗೃಹದ ಅಡಿಗೆಮನೆಯ ಬೆಕ್ಕಿಗೆ ಮರಿಗಳಾಗದಂತೆ ಗರ್ಭಕೋಶವನ್ನೂ ಅಂಡಾಶಯಗಳನ್ನೂ ತೆಗೆಯುವ ಶಸ್ತ್ರಚಿಕಿತ್ಸೆಯಾಯಿತು. ಪಶುವೈದ್ಯರು ಅದನ್ನು ಬುಟ್ಟಿಯಲ್ಲಿಟ್ಟು ಒಪ್ಪಿಸಿದ ಸಾಯಂಕಾಲ ಹುಡುಗಿಯರು ನನ್ನನ್ನು ಸುತ್ತಿಕೊಂಡು, "ಅಮ್ಮನವರೇ, ಇನ್ನು ನಾವೇನು ಮಾಡಬೇಕು?" ಎಂದು ಕೇಳಿದರು. ಅವರಿಗೆ ಹೇಳಿದ್ದನ್ನೇ ನಮ್ಮ ಹಳೆಯ ವಿದ್ಯಾರ್ಥಿನಿಯರ ಮತ್ತು ತಾಯಿತಂದೆಗಳ ಉಪಯೋಗಕ್ಕಾಗಿ ಇಲ್ಲಿ ಬರೆಯುತ್ತೇನೆ.

ಮತ್ತಿನ ಔಷಧದ ಪ್ರಭಾವವು ಪೂರ್ಣವಾಗಿ ಇಳಿಯುವುದಕ್ಕೆ ಒಂದು ದಿನವಾದರೂ ಹಿಡಿಯಬಹುದು. ಅಷ್ಟರವರೆಗೆ ಬೆಕ್ಕು ತೂರಾಡುತ್ತದೆ. ಎತ್ತರಕ್ಕೆ ಹಾರಲು ಹೋಗಿ ಬೀಳುತ್ತದೆ. ಮೈಯ ಶಾಖವೂ ಕುಗ್ಗಿರುತ್ತದೆ. ಆದಕಾರಣ ಗಾಳಿ ಬೀಸದ ಚಿಕ್ಕ ಕೋಣೆಯಲ್ಲಿ, ನೆಲದ ಮೇಲೆಯೇ, ಒಗೆದ ಬಟ್ಟೆಯ ಹಾಸಿಗೆ ಮಾಡಿ ಮಲಗಿಸತಕ್ಕದ್ದು. ಮಂಪರಿನಲ್ಲಿರುವಾಗ ಬಾಯಿಗೆ ನೀರು ಹೊಯ್ಯಕೂಡದು. ಅದು ಶ್ವಾಸನಾಳಕ್ಕೆ ಇಳಿಯುವ ಭಯವುಂಟು. ಚೆನ್ನಾಗಿ ಎಚ್ಚರವಾದ ಮೇಲೆ ಸ್ವಲ್ಪ ನೀರನ್ನೂ, ವಾಡಿಕೆಯ ಆಹಾರದಲ್ಲಿ ಕಾಲು ಭಾಗವನ್ನೂ ಇಟ್ಟರೆ ಸಾಕು.

ಬೆಕ್ಕಿನ ನಾಲಗೆ ಬಹಳ ಒರಟು. ಗಾಯವನ್ನು ನೆಕ್ಕಿದರೆ ಹೊಲಿಗೆ ಬಿಚ್ಚಿ ಕೀವಾಗುವುದು. ಇದನ್ನು ತಡೆಯುವುದಕ್ಕಾಗಿಯೇ ವೈದ್ಯರು ಕೊರಳಿಗೆ ಅಗಲವಾದ ಪಟ್ಟಿಯನ್ನು ಕಟ್ಟುತ್ತಾರೆ. "ಅಯ್ಯೋ ಪಾಪ" ಎಂದು ಅದನ್ನು ಬಿಚ್ಚುವುದು ಕರುಣೆಯಲ್ಲ. ಸಾಮಾನ್ಯವಾಗಿ 10ರಿಂದ 14 ದಿನಗಳವರೆಗೆ, ಹೊಲಿಗೆ ತೆಗೆಯುವ ತನಕ, ಸ್ನಾನವೂ ಓಟವೂ ಹಾರಾಟವೂ ಬೇಡ. ಗಾಯಕ್ಕೆ ಅರಿಸಿನ, ಎಣ್ಣೆ, ಬೂದಿ ಮುಂತಾದ ಯಾವುದನ್ನೂ ಹಚ್ಚಬಾರದು. ನೆಲ ಒರೆಸುವ ಫಿನೈಲು ಬೆಕ್ಕಿಗೆ ವಿಷವಾದ್ದರಿಂದ ಆ ಕೋಣೆಯಲ್ಲಿ ಅದನ್ನು ಬಳಸಕೂಡದು. ಮಲಮೂತ್ರದ ತಟ್ಟೆಯಲ್ಲಿ ಮರಳಿಗೆ ಬದಲಾಗಿ ಹರಿದ ಕಾಗದವನ್ನು ಹಾಕಿದರೆ ಗಾಯಕ್ಕೆ ಧೂಳು ಸೇರುವುದಿಲ್ಲ.

ಇನ್ನು ಔಷಧದ ಮಾತು. ಇದನ್ನು ನಾಚಿಕೆಯಿಂದಲೇ ಬರೆಯುತ್ತೇನೆ. ಹಲವು ವರ್ಷಗಳ ಹಿಂದೆ ನನ್ನ ಸ್ವಂತ ಬೆಕ್ಕು ಇಂಥದೇ ಚಿಕಿತ್ಸೆಯ ಮರುದಿನ ನೋವಿನಿಂದ ನರಳಿತು. ಮಕ್ಕಳ ಜ್ವರಕ್ಕೆ ಕೊಡುವ ಪ್ಯಾರಾಸಿಟಮಾಲ್ ಮಾತ್ರೆಯಲ್ಲಿ ಅರ್ಧವನ್ನು ಪುಡಿಮಾಡಿ ನಾನೇ ಕೊಟ್ಟೆನು. ಕೆಲವು ಗಂಟೆಗಳಲ್ಲಿ ಅದರ ಮುಖ ಊದಿತು, ವಸಡುಗಳು ಕಂದುಬಣ್ಣಕ್ಕೆ ತಿರುಗಿದವು, ಬೆಳಗಾಗುವಷ್ಟರಲ್ಲಿ ಸತ್ತುಹೋಯಿತು. ನಮ್ಮ ಪಿತ್ತಜನಕಾಂಗದಂತೆ ಬೆಕ್ಕಿನದು ಆ ಔಷಧವನ್ನು ಕರಗಿಸಿ ಹೊರಹಾಕಲಾರದು. ರಕ್ತವು ಪ್ರಾಣವಾಯುವನ್ನು ಹೊರುವ ಶಕ್ತಿಯನ್ನು ಕಳೆದುಕೊಳ್ಳುತ್ತದೆ ಎಂಬುದನ್ನು ನಾನು ಅನಂತರ ತಿಳಿದೆನು. ಆದ್ದರಿಂದ ಪಶುವೈದ್ಯರು ಬರೆದುಕೊಟ್ಟ ಔಷಧವನ್ನು, ಅವರು ಹೇಳಿದ ಪ್ರಮಾಣದಲ್ಲಿ ಮಾತ್ರವೇ ಕೊಡತಕ್ಕದ್ದು. ಮನುಷ್ಯರ ಮಾತ್ರೆ ಚೂರಾದರೂ ಬೇಡ.

ದಿನಕ್ಕೆರಡು ಸಲ ಗಾಯವನ್ನೂ ವಸಡುಗಳನ್ನೂ ನೋಡಿರಿ. ಗಾಯದ ಅಂಚು ಮೊದಲು ತುಸು ಕೆಂಪಾಗಿರುವುದು ಸಹಜ. ಆದರೆ ವಸಡು ಬಿಳಿಚಿಕೊಂಡರೆ, ರಕ್ತವಾಗಲಿ ಕೀವಾಗಲಿ ಸೋರಿದರೆ, ದುರ್ವಾಸನೆ ಬಂದರೆ, ಹೊಲಿಗೆ ಬಿಟ್ಟರೆ, ಪದೇ ಪದೇ ವಾಂತಿಯಾದರೆ, ಉಸಿರು ಕಷ್ಟವಾದರೆ, ಒಂದು ದಿನ ಮೂತ್ರವಿಲ್ಲದಿದ್ದರೆ ಕಾಯಬೇಡಿರಿ. 24 ಗಂಟೆ ಕಳೆದರೂ ಏನನ್ನೂ ತಿನ್ನದಿದ್ದರೆ ಆಗಲೂ ವೈದ್ಯರಿಗೆ ತಿಳಿಸಿರಿ. ಉಪವಾಸವು ಬೆಕ್ಕಿನ ಪಿತ್ತಜನಕಾಂಗವನ್ನು ಬೇಗ ಕೆಡಿಸುತ್ತದೆ.

ನಮ್ಮ ಹುಡುಗಿಯರು ಸರದಿಯ ಮೇಲೆ ಕಾವಲಿದ್ದು, ಆಹಾರ, ನೀರು, ವಸಡಿನ ಬಣ್ಣ ಎಲ್ಲವನ್ನೂ ಒಂದು ನೋಟುಪುಸ್ತಕದಲ್ಲಿ ಬರೆದಿಟ್ಟರು. 12ನೆಯ ದಿನ ಹೊಲಿಗೆ ತೆಗೆದಾಗ ವೈದ್ಯರು ಆ ಪುಸ್ತಕವನ್ನು ಮೊದಲಿಂದ ಕಡೆಯವರೆಗೂ ಓದಿ ಸಂತೋಷಪಟ್ಟರು. ನಾನು ಪ್ರೀತಿಯಿಂದ ಒಂದು ಜೀವವನ್ನು ಕಳೆದೆನು. ಅವರು ಪ್ರೀತಿಯ ಸಂಗಡ ತಿಳಿವಳಿಕೆಯನ್ನೂ ಇಟ್ಟುಕೊಂಡು ಒಂದನ್ನು ಉಳಿಸಿದರು. ಆ ಬೆಕ್ಕು ಈಗಲೂ ಅಡಿಗೆಮನೆಯ ಹೊಸ್ತಿಲಲ್ಲಿ ಬಿಸಿಲು ಕಾಯಿಸುತ್ತಿದೆ, ನೋಡಬಯಸುವವರು ಬರಬಹುದು.