ಕೆಂಡದಲ್ಲಿ ಸುಡುವ ಕೋಳಿಗೆ ಕಾರ್ನೆಲ್ ಸಾಸು

ಕೋಳಿಯನ್ನು ಸಾಕುವುದು ಒಂದು ಕಸುಬು. ಸಾಕಿದ ಕೋಳಿಯನ್ನು ಜನರು ತಾವಾಗಿಯೇ ಬಯಸಿ ಕೊಳ್ಳುವಂತೆ ಮಾಡುವುದು ಇನ್ನೊಂದು. ಮೊದಲನೆಯದರಲ್ಲಿ ಎಷ್ಟು ನೈಪುಣ್ಯವಿದ್ದರೂ ಎರಡನೆಯದು ಕೈಗೂಡದಿದ್ದರೆ ಸಾಕಣೆಗಾರನಿಗೆ ಮೇವಿನ ಖರ್ಚು ಸಹ ಗಿಟ್ಟುವುದಿಲ್ಲ. ಅಮೆರಿಕ ಸಂಯುಕ್ತ ಸಂಸ್ಥಾನದ ನ್ಯೂಯಾರ್ಕ್ ರಾಜ್ಯದಲ್ಲಿ ಈ ಎರಡನೆಯ ಕಾರ್ಯಕ್ಕೆ ಅಲ್ಪ ವೆಚ್ಚದ ಒಂದು ಸಾಸು ಹೇಗೆ ನೆರವಾಯಿತೆಂಬುದನ್ನೂ, ಅದನ್ನು ಮನೆಯಲ್ಲಿಯೇ ತಯಾರಿಸುವ ಕ್ರಮವನ್ನೂ ಇಲ್ಲಿ ವಿವರಿಸಲಾಗಿದೆ.

ಸಾಸಿನ ಹುಟ್ಟು

ಬಯಲಿನಲ್ಲಿ ಕೆಂಡದ ಮೇಲೆ ಕಂಬಿಯ ಜಾಲರಿಯನ್ನಿಟ್ಟು ಮಾಂಸವನ್ನು ಸುಡುವುದಕ್ಕೆ ಆ ದೇಶದಲ್ಲಿ ಬಾರ್ಬೆಕ್ಯೂ ಎಂದು ಹೆಸರು. ಇಥಾಕಾ ಪಟ್ಟಣದ ಕಾರ್ನೆಲ್ ವಿಶ್ವವಿದ್ಯಾನಿಲಯದಲ್ಲಿ ಕೋಳಿ ವಿಜ್ಞಾನದ ಪ್ರಾಧ್ಯಾಪಕರಾಗಿದ್ದ ರಾಬರ್ಟ್ ಸಿ. ಬೇಕರ್ ಅವರು (೧೯೨೧–೨೦೦೬) ಈ ಪದ್ಧತಿಯನ್ನು ಕೋಳಿ ಸಾಕಣೆಯ ಏಳಿಗೆಗೆ ಬಳಸಿಕೊಂಡರು. ಎರಡನೆಯ ಮಹಾಯುದ್ಧವು ಮುಗಿದ ಕಾಲವದು. ಕೋಳಿಮಾಂಸವು ಇಂದಿನಂತೆ ನಿತ್ಯದ ಆಹಾರವಾಗಿರಲಿಲ್ಲ. ಎಳೆಯ ಪ್ರಾಯದಲ್ಲಿಯೇ ಮಾರಾಟಕ್ಕೆ ಬರುವ ಸಣ್ಣ ಮಾಂಸದ ಕೋಳಿಗಳಿಗೆ ಗಿರಾಕಿಗಳನ್ನು ಒದಗಿಸಬೇಕಾಗಿತ್ತು. ಇಂತಹ ಕೋಳಿಯನ್ನು ಎರಡು ಹೋಳು ಮಾಡಿ ಕೆಂಡದಲ್ಲಿ ಸುಟ್ಟರೆ ರುಚಿಯೂ ಅಧಿಕ, ಶ್ರಮವೂ ಅಲ್ಪ ಎಂಬುದನ್ನು ತೋರಿಸುವುದಕ್ಕಾಗಿ ಬೇಕರ್ ಅವರು ೧೯೫೦ರಲ್ಲಿ ವಿಶ್ವವಿದ್ಯಾನಿಲಯದ ವ್ಯವಸಾಯ ವಿಸ್ತರಣ ಶಾಖೆಯ ಮೂಲಕ ೮೬೨ನೆಯ ಸಂಖ್ಯೆಯ ಕಿರುಹೊತ್ತಗೆಯೊಂದನ್ನು ಪ್ರಕಟಿಸಿದರು. ಸಾಸಿನ ಪಾಕಕ್ರಮವು ಅದರಲ್ಲಿಯೇ ಇದ್ದಿತು. ಅದನ್ನು ಗುಟ್ಟಾಗಿರಿಸದೆ ಎಲ್ಲರಿಗೂ ತಿಳಿಸಿದ್ದರಿಂದ ನ್ಯೂಯಾರ್ಕ್ ರಾಜ್ಯದ ಊರೂರುಗಳಲ್ಲಿ ಅಗ್ನಿಶಾಮಕ ದಳದವರೂ ಚರ್ಚುಗಳವರೂ ಚಂದಾ ಕೂಡಿಸುವ ಸಂತರ್ಪಣೆಗಳಿಗೆ ಇದೇ ಸಾಸನ್ನು ರೂಢಿಮಾಡಿಕೊಂಡರು. ಸಿರಕ್ಯೂಸ್ ನಗರದಲ್ಲಿ ನಡೆಯುವ ರಾಜ್ಯದ ಜಾತ್ರೆಯಲ್ಲಿ ಬೇಕರ್ ಕುಟುಂಬದವರ ಅಂಗಡಿಯೂ ಇದರಿಂದಲೇ ಹೆಸರಾಯಿತು.

ಬೇಕಾದ ಪದಾರ್ಥಗಳು

ಐದು ಎಳೆಯ ಕೋಳಿಗಳಿಗೆ, ಎಂದರೆ ಹತ್ತು ಹೋಳುಗಳಿಗೆ, ಈ ಕೆಳಗಿನ ಪ್ರಮಾಣವು ಸಾಕಾಗುತ್ತದೆ. ಇಲ್ಲಿ ಬಟ್ಟಲೆಂದರೆ ೨೪೦ ಮಿಲಿಲೀಟರು, ದೊಡ್ಡ ಚಮಚವೆಂದರೆ ೧೫ ಮಿಲಿಲೀಟರು, ಸಣ್ಣ ಚಮಚವೆಂದರೆ ೫ ಮಿಲಿಲೀಟರು.

ಕೋಳಿಮೊಟ್ಟೆ — ೧
ಅಡಿಗೆ ಎಣ್ಣೆ — ೧ ಬಟ್ಟಲು
ಸೇಬಿನ ವಿನೆಗರು — ೨ ಬಟ್ಟಲು
ಉಪ್ಪು — ೩ ದೊಡ್ಡ ಚಮಚ
ಒಣ ಎಲೆಗಳ ಮಸಾಲೆಪುಡಿ — ೧ ದೊಡ್ಡ ಚಮಚ
ಕಾಳುಮೆಣಸಿನ ಪುಡಿ — ಅರ್ಧ ಸಣ್ಣ ಚಮಚ

ಮಸಾಲೆಪುಡಿ ಎಂಬುದು ಸೇಜ್, ಥೈಮ್, ಮಾರ್ಜೋರಮ್ ಮೊದಲಾದ ಸುವಾಸನೆಯ ಎಲೆಗಳನ್ನು ಒಣಗಿಸಿ ಪುಡಿಮಾಡಿ ಬೆರೆಸಿದುದು.

ತಯಾರಿಸುವ ಕ್ರಮ

ಮೊದಲು ಮೊಟ್ಟೆಯನ್ನು ಒಡೆದು ಚೆನ್ನಾಗಿ ಕಡೆಯಬೇಕು. ಅನಂತರ ಎಣ್ಣೆಯನ್ನು ಸಣ್ಣ ಧಾರೆಯಾಗಿ ಬಿಡುತ್ತ, ಕೈಬಿಡದೆ ಕಡೆಯುತ್ತಿರಬೇಕು. ಮಿಶ್ರಣವು ಮಂದವಾದ ಮೇಲೆ ಉಳಿದ ಪದಾರ್ಥಗಳನ್ನು ಸೇರಿಸಿ ಕಲಕತಕ್ಕದ್ದು. ಈ ಅನುಕ್ರಮವನ್ನು ತಪ್ಪಿಸಬಾರದು. ಎಣ್ಣೆಯೂ ವಿನೆಗರೂ ತಾವಾಗಿ ಕೂಡುವ ವಸ್ತುಗಳಲ್ಲ. ಮೊಟ್ಟೆಯ ಹಳದಿ ಭಾಗದಲ್ಲಿರುವ ಲೆಸಿಥಿನ್ ಎಂಬ ದ್ರವ್ಯವು ಎಣ್ಣೆಯ ಸೂಕ್ಷ್ಮ ಹನಿಗಳನ್ನು ಆವರಿಸಿ, ಅವು ಮತ್ತೆ ಒಂದುಗೂಡದಂತೆ ತಡೆಯುತ್ತದೆ. ಆದುದರಿಂದ ಸಾಸು ಹಾಲಿನಂತೆ ಏಕರೂಪವಾಗಿ ನಿಂತು, ಮಾಂಸದ ಮೇಲೆ ಸಮನಾಗಿ ಅಂಟಿಕೊಳ್ಳುತ್ತದೆ.

ಮಾರುಕಟ್ಟೆಯಲ್ಲಿ ದೊರೆಯುವ ಕೆಂಪು ಬಾರ್ಬೆಕ್ಯೂ ಸಾಸುಗಳಲ್ಲಿ ಸಾಮಾನ್ಯವಾಗಿ ಟೊಮ್ಯಾಟೊ ಹಣ್ಣೂ ಸಕ್ಕರೆಯೂ ಇರುತ್ತವೆ. ಸಕ್ಕರೆಯು ಕೆಂಡದ ಬಿಸಿಗೆ ಬೇಗನೆ ಸೀದುಹೋಗುವುದರಿಂದ ಅಂತಹ ಸಾಸನ್ನು ಕಡೆಯಲ್ಲಿ ಮಾತ್ರ ಬಳಿಯಬೇಕಾಗುತ್ತದೆ. ಕಾರ್ನೆಲ್ ಸಾಸಿನಲ್ಲಿ ಸಕ್ಕರೆಯಿಲ್ಲವಾದುದರಿಂದ ಮೊದಲಿನಿಂದಲೂ ಬಳಿಯಬಹುದು. ಇದೇ ಇದರ ಮುಖ್ಯ ಗುಣ.

ಸುಡುವ ವಿಧಾನ

ಕೋಳಿಯ ಹೋಳುಗಳನ್ನು ಸಾಸಿನಲ್ಲಿ ಕೆಲವು ಗಂಟೆಗಳ ಕಾಲ ನೆನೆಸಿಡುವುದು ಮೇಲು. ನೆನೆಸಿದ ಪಾತ್ರೆಯನ್ನು ಶೀತಪೆಟ್ಟಿಗೆಯಲ್ಲಿಯೇ ಇಡತಕ್ಕದ್ದು. ೨೪ ಗಂಟೆಗಳನ್ನು ಮೀರಬಾರದು. ರಾತ್ರಿಯೆಲ್ಲ ನೆನೆಸುವುದಾದರೆ ಉಪ್ಪನ್ನು ೨ ಚಮಚಕ್ಕೆ ಇಳಿಸಬಹುದು. ಹುಳಿಯು ಲೋಹವನ್ನು ತಿನ್ನುವುದರಿಂದ ತಾಮ್ರ, ಅಲ್ಯೂಮಿನಿಯಂ ಮತ್ತು ಕಲಾಯಿಯಿಲ್ಲದ ಹಿತ್ತಾಳೆಯ ಪಾತ್ರೆಗಳು ನಿಷಿದ್ಧ. ಗಾಜು, ಪಿಂಗಾಣಿ ಅಥವಾ ಸ್ಟೀಲಿನ ಪಾತ್ರೆಗಳು ಯೋಗ್ಯವಾದುವು.

ಇದ್ದಿಲಿನ ಜ್ವಾಲೆಯು ಅಡಗಿ, ಕೆಂಡದ ಮೇಲೆ ಬೂದಿ ಕಟ್ಟಿದ ಮೇಲೆಯೇ ಹೋಳುಗಳನ್ನು ಜಾಲರಿಯ ಮೇಲಿಡಬೇಕು. ಐದರಿಂದ ಹತ್ತು ನಿಮಿಷಗಳಿಗೊಮ್ಮೆ ಮಗುಚುತ್ತ, ಪ್ರತಿ ಸಾರಿಯೂ ಸಾಸನ್ನು ಬಳಿಯಬೇಕು. ಜಿಡ್ಡು ತೊಟ್ಟಿಕ್ಕಿ ಉರಿ ಎದ್ದರೆ ಹೋಳನ್ನು ಪಕ್ಕಕ್ಕೆ ಸರಿಸತಕ್ಕದ್ದು. ಸುಮಾರು ಒಂದು ಗಂಟೆಯಲ್ಲಿ ಮಾಂಸವು ಬೇಯುತ್ತದೆ.

ಎಚ್ಚರಿಕೆಗಳು

೧. ಹಸಿ ಮೊಟ್ಟೆಯಲ್ಲಿಯೂ ಹಸಿ ಕೋಳಿಮಾಂಸದಲ್ಲಿಯೂ ಸಾಲ್ಮೊನೆಲ್ಲಾ ಎಂಬ ರೋಗಾಣುಗಳು ಇರಬಹುದು. ವಿನೆಗರಿನ ಹುಳಿಯೊಂದರಿಂದಲೇ ಅವು ನಾಶವಾಗುವುವೆಂದು ನಂಬಬಾರದು. ಈ ಸಾಸನ್ನು ಹಸಿಯಾಗಿ ತಿನ್ನಲು ಬಡಿಸಕೂಡದು.

೨. ನೆನೆಸಲು ಉಪಯೋಗಿಸಿದ ಸಾಸನ್ನು ಚೆಲ್ಲಿಬಿಡಬೇಕು. ಬಳಿಯುವುದಕ್ಕೆ ಬೇಕಾದುದನ್ನು ಮೊದಲೇ ಬೇರೆಯಾಗಿ ತೆಗೆದಿಡುವುದು ಲೇಸು. ಕಡೆಯ ಸಲ ಬಳಿದ ಸಾಸೂ ಪೂರ್ಣವಾಗಿ ಬೇಯುವವರೆಗೆ ಮಾಂಸವನ್ನು ಕೆಂಡದಿಂದ ಇಳಿಸಬಾರದು.

೩. ತೊಡೆಯ ದಪ್ಪ ಭಾಗದ ಒಳಗೆ, ಎಲುಬಿಗೆ ತಾಗದಂತೆ ಉಷ್ಣಮಾಪಕವನ್ನು ಚುಚ್ಚಿ ನೋಡಿದರೆ ೭೪ ಡಿಗ್ರಿ ಸೆಂಟಿಗ್ರೇಡ್ ಇರಬೇಕು. ಹೊರಗಿನ ಬಣ್ಣವನ್ನು ನೋಡಿ ಬೆಂದಿತೆಂದು ತೀರ್ಮಾನಿಸುವುದು ಅಪಾಯಕರ.

೪. ಹಸಿ ಮಾಂಸವಿದ್ದ ತಟ್ಟೆಯಲ್ಲಿ ಬೆಂದ ಮಾಂಸವನ್ನು ಇಡಕೂಡದು.

ನಮ್ಮಲ್ಲಿ ಮಾಡುವವರಿಗೆ

ಮೆಣಸಿಗೆ ಮಲೆನಾಡಿನವರು ಬೇರೆಡೆ ಹುಡುಕಬೇಕಾಗಿಲ್ಲ. ಎಣ್ಣೆಗೆ ಕಡಲೆಕಾಯಿ ಎಣ್ಣೆಯು ಒಪ್ಪುತ್ತದೆ. ಕೊಬ್ಬರಿ ಎಣ್ಣೆಯು ಶೀತಪೆಟ್ಟಿಗೆಯಲ್ಲಿ ಗಟ್ಟಿಯಾಗುವುದರಿಂದ ನೆನೆಸಲು ತಕ್ಕುದಲ್ಲ. ಸೇಬಿನ ವಿನೆಗರು ದುಬಾರಿಯೆನಿಸಿದರೆ ಅಡಿಗೆಯ ಸಾಮಾನ್ಯ ವಿನೆಗರನ್ನು ಬಳಸಬಹುದು. ಆದರೆ ನೀರು ಬೆರೆಸದ ತೀಕ್ಷ್ಣ ಅಸಿಟಿಕ್ ಆಮ್ಲವನ್ನು ಎಂದಿಗೂ ಉಪಯೋಗಿಸಬಾರದು. ಮೇಲೆ ಹೇಳಿದ ಎಲೆಗಳು ದೊರೆಯದಿದ್ದರೆ ಕೊತ್ತಂಬರಿ ಬೀಜದ ಪುಡಿಯನ್ನು ಹಾಕಬಹುದು. ಆಗ ರುಚಿಯು ಕಾರ್ನೆಲ್ ಸಾಸಿನದಾಗಿರುವುದಿಲ್ಲವಾದರೂ ಮೊಟ್ಟೆ, ಎಣ್ಣೆ, ಹುಳಿ, ಉಪ್ಪುಗಳು ಮಾಡುವ ಕೆಲಸದಲ್ಲಿ ವ್ಯತ್ಯಾಸವಾಗದು.

ಬೇಕರ್ ಅವರು ಮುಂದೆ ಕೋಳಿಮಾಂಸದಿಂದಲೂ ಮೊಟ್ಟೆಯಿಂದಲೂ ಬೇರೆ ಅನೇಕ ತಿನಿಸುಗಳನ್ನು ಕಂಡುಹಿಡಿದರು. ಅವರ ಕೆಲಸದಿಂದ ಕೋಳಿ ಸಾಕುವವರು ಗ್ರಹಿಸಬೇಕಾದ ನೀತಿಯೊಂದುಂಟು. ಕೋಳಿಯನ್ನು ಮಾರುವಾಗ ಅದನ್ನು ಅಡಿಗೆಮಾಡುವ ಒಳ್ಳೆಯ ಕ್ರಮವನ್ನೂ ಗಿರಾಕಿಗೆ ಹೇಳಿಕೊಟ್ಟರೆ ಖರ್ಚೇನೂ ತಗಲದು. ಉಂಡು ತೃಪ್ತನಾದವನು ಮರುವಾರವೂ ಅದೇ ಬಾಗಿಲಿಗೆ ಬರುವನು.