ಬರಿದಾದ ಭರಣಿಯಿಂದ ಹೂದಾನಿ

ಉಪ್ಪಿನಕಾಯಿಯೋ ಮುರಬ್ಬವೋ ಮುಗಿದು ಬರಿದಾದ ಗಾಜಿನ ಭರಣಿಯನ್ನು ಎಸೆಯಲು ಯಾರಿಗೂ ಮನಸ್ಸು ಬಾರದು. ಹಳೆಯ ಗಾಜನ್ನು ಕಾರ್ಖಾನೆಯಲ್ಲಿ ಕರಗಿಸಿ ಹೊಸ ಭರಣಿಯನ್ನು ಮಾಡಬಹುದು, ನಿಜ. ಆದರೆ ಅದಕ್ಕೆ ಕುಲುಮೆಯ ಉಷ್ಣತೆ ೧,೫೦೦ ಡಿಗ್ರಿ ಸೆಂಟಿಗ್ರೇಡಿನ ಆಸುಪಾಸಿನಲ್ಲಿರಬೇಕು. ಅದೇ ಭರಣಿಯನ್ನು ಹೂದಾನಿಯಾಗಿ ಮಾರ್ಪಡಿಸಲು ಉರುವಲು ಬೇಕಿಲ್ಲ; ಗಾಜಿನ ಸ್ವಭಾವವನ್ನು ಸ್ವಲ್ಪ ಅರಿತಿರಬೇಕು, ಅಷ್ಟೆ.

ಈ ಕೆಲಸಕ್ಕೆ ತೊಡಗುವವರಲ್ಲಿ ಅನೇಕರಿಗೆ ಮೊದಲು ಕಣ್ಣಿಗೆ ಚುಚ್ಚುವುದು ಮುಚ್ಚಳ ಕೂರುವ ಸುತ್ತುಗೆರೆಗಳುಳ್ಳ ಕಂಠ. ಅದನ್ನು ಕತ್ತರಿಸಿ ತೆಗೆಯಬೇಕೆಂದು ಅವರು ಬಯಸುತ್ತಾರೆ. ಸೀಮೆಎಣ್ಣೆಯಲ್ಲಿ ಅದ್ದಿದ ದಾರವನ್ನು ಸುತ್ತಿ, ಉರಿ ಹೊತ್ತಿಸಿ, ಕೂಡಲೆ ತಣ್ಣೀರಿನಲ್ಲಿ ಮುಳುಗಿಸುವ ಉಪಾಯವನ್ನು ವಾಚಕರು ಕೇಳಿರಬಹುದು. ಇಲ್ಲಿ ನಡೆಯುವುದೇನು? ಗಾಜು ಉಷ್ಣವನ್ನು ಬಹು ನಿಧಾನವಾಗಿ ಸಾಗಿಸುತ್ತದೆ. ತಣ್ಣೀರು ತಗುಲಿದೊಡನೆ ಹೊರಮೈ ಕುಗ್ಗತೊಡಗುತ್ತದೆ. ಇನ್ನೂ ಬಿಸಿಯಾಗಿರುವ ಒಳಭಾಗವು ಅದಕ್ಕೆ ಎಡೆಗೊಡುವುದಿಲ್ಲ. ಆದುದರಿಂದ ಹೊರಮೈ ಎಳೆತಕ್ಕೆ ಸಿಕ್ಕುತ್ತದೆ. ಒತ್ತಡವನ್ನು ಚೆನ್ನಾಗಿ ತಾಳಬಲ್ಲ ಗಾಜು ಎಳೆತವನ್ನು ತಾಳಲಾರದೆ ಬಿರಿಯುತ್ತದೆ. ಬಿರುಕು ದಾರದ ಗುಂಟವೇ ಸಾಗೀತೆಂಬ ಭರವಸೆ ಮಾತ್ರ ಇಲ್ಲ. ಜೊತೆಗೆ ಉರಿಯುವ ಎಣ್ಣೆಯ ಅಪಾಯ ಬೇರೆ.

ಬಿರುಕಿನ ಈ ಮರ್ಮವನ್ನು ವಿವರಿಸಿದವನು ಎ. ಎ. ಗ್ರಿಫಿತ್ ಎಂಬ ಆಂಗ್ಲ ಎಂಜಿನಿಯರು. ಪರಮಾಣುಗಳ ಬಂಧನವನ್ನು ಲೆಕ್ಕಹಾಕಿದರೆ ಗಾಜು ಈಗಿರುವುದಕ್ಕಿಂತ ಎಷ್ಟೋ ಪಾಲು ಗಟ್ಟಿಯಾಗಿರಬೇಕಿತ್ತು. ಹಾಗಿಲ್ಲದಿರಲು ಕಣ್ಣಿಗೆ ಕಾಣದ ಸಣ್ಣ ಬಿರುಕುಗಳೇ ಕಾರಣವೆಂದೂ, ಎಳೆತವೆಲ್ಲವೂ ಆ ಬಿರುಕುಗಳ ಮೊನೆಯಲ್ಲಿ ಒಟ್ಟುಗೂಡುತ್ತದೆಂದೂ ೧೯೨೧ರಲ್ಲಿ ಪ್ರಕಟವಾದ ತನ್ನ ಪ್ರಬಂಧದಲ್ಲಿ ಆತನು ತೋರಿಸಿದನು. ಗಾಜನ್ನು ಕೂದಲಿಗಿಂತ ತೆಳುವಾದ ಎಳೆಗಳಾಗಿ ಎಳೆದು ಪರೀಕ್ಷಿಸಿದಾಗ, ಎಳೆ ಸಣ್ಣದಾದಷ್ಟೂ ಅದರ ಬಲ ಹೆಚ್ಚುವುದು ಕಂಡುಬಂದಿತು.

ಭರಣಿಯ ಬಾಯಂಚು ಕರಗಿದ ಗಾಜು ಅಚ್ಚಿನಲ್ಲಿ ಕೂಡಿ ನುಣುಪಾಗಿ ಮೂಡಿದುದು. ಕತ್ತರಿಸಿದ ಅಂಚಿನಲ್ಲಾದರೋ ಹೊಸ ಬಿರುಕುಗಳ ಸಾಲೇ ಇರುತ್ತದೆ. ಬೆರಳನ್ನೂ ಅದು ಕೊಯ್ಯುತ್ತದೆ. ಆದಕಾರಣ ಕಂಠವನ್ನು ಮುಟ್ಟದಿರುವುದೇ ಲೇಸೆಂದು ನನ್ನ ಅಭಿಪ್ರಾಯ. ಕತ್ತರಿಸಲೇಬೇಕೆಂಬ ಹಟವುಳ್ಳವರು ಕಣ್ಣಿಗೆ ಕನ್ನಡಕವನ್ನೂ ಕೈಗೆ ದಪ್ಪ ಚೀಲವನ್ನೂ ತೊಟ್ಟು, ಗಾಜು ಕೊಯ್ಯುವ ಉಕ್ಕಿನ ಗಾಲಿಯಿಂದ ಒಂದೇ ಒಂದು ಸುತ್ತು ಗೀರೆಳೆದು, ಆ ಗೀರಿನ ಮೇಲೆ ಬಿಸಿನೀರನ್ನೂ ತಣ್ಣೀರನ್ನೂ ಸರದಿಯಂತೆ ಸುರಿಯಬೇಕು. ಅಂಚನ್ನು ಕಾರ್ಬೊರಂಡಮ್ ಕಾಗದದಿಂದ ಉಜ್ಜುವಾಗ ನೀರು ಹಾಕುತ್ತಲೇ ಇರಬೇಕು. ಇಲ್ಲವಾದರೆ ಗಾಜಿನ ಧೂಳು ಉಸಿರಿನೊಡನೆ ಒಳಸೇರುತ್ತದೆ.

ಕಂಠವನ್ನು ಉಳಿಸಿಕೊಂಡವರಿಗೆ ಒಂದು ಲಾಭವಿದೆ. ಅಲ್ಲಿಗೆ ಸೆಣಬಿನ ಹುರಿಯನ್ನು ಅಂಟು ಸವರಿ ಬಿಗಿಯಾಗಿ ಸುತ್ತಿದರೆ, ಆ ಸುತ್ತುಗೆರೆಗಳೇ ಹುರಿ ಜಾರದಂತೆ ಹಿಡಿದುಕೊಳ್ಳುತ್ತವೆ. ಮೈಗೆ ಎನಾಮೆಲ್ ಬಣ್ಣವನ್ನು ಬಳಿಯಬಹುದು. ಗಾಜಿಗೆ ಮಣ್ಣಿನ ಕುಂಡದಂತೆ ರಂಧ್ರಗಳಿಲ್ಲ. ಬಣ್ಣವು ಒಳಗಿಳಿಯದೆ ಮೇಲೆಯೇ ಕುಳಿತಿರುತ್ತದೆ. ಬೆರಳಿನ ಜಿಡ್ಡು ಇದ್ದರೂ ಅದು ಸುಲಿದು ಬರುತ್ತದೆ. ಮೊದಲು ಭರಣಿಯನ್ನು ನೆನೆಯಿಟ್ಟು ಹೆಸರಿನ ಚೀಟಿಯನ್ನು ತೆಗೆದು, ಉಳಿದ ಅಂಟನ್ನು ಕೊಬ್ಬರಿ ಎಣ್ಣೆಯಿಂದ ಉಜ್ಜಿ, ಬಳಿಕ ವಾಷಿಂಗ್ ಸೋಡಾ ಬೆರೆಸಿದ ಉಗುರುಬೆಚ್ಚಗಿನ ನೀರಿನಲ್ಲಿ ತೊಳೆದು ಒಣಗಿಸಬೇಕು. ತಣ್ಣಗಿರುವ ಭರಣಿಗೆ ಕುದಿನೀರನ್ನು ಹೊಯ್ಯಬಾರದು. ಬಣ್ಣ ಹೊರಮೈಗೆ ಮಾತ್ರ. ಒಳಗೆ ಬಳಿದರೆ ನೀರಿನಲ್ಲಿ ನೆನೆದು ಏಳುತ್ತದೆ.

ಬಣ್ಣದ ಹೊದಿಕೆಯಿಂದ ನೀರಿಗೆ ಬೆಳಕು ತಾಕದೆ ಪಾಚಿ ಕಟ್ಟುವುದು ಕಡಿಮೆಯಾಗುತ್ತದೆ. ಆದರೆ ನೀರು ಕೆಟ್ಟುದೂ ಕಾಣದಾಗುತ್ತದೆ! ಹೂವಿಗೆ ನಿಜವಾದ ಶತ್ರು ಬ್ಯಾಕ್ಟೀರಿಯಾ. ಅವು ಬೆಳೆದು ಕಾಂಡದೊಳಗಿನ ನೀರಿನ ನಾಳಗಳ ಬಾಯನ್ನು ಮುಚ್ಚಿದರೆ, ಭರಣಿ ತುಂಬಿರುವಾಗಲೂ ಗುಲಾಬಿ ಬಾಯಾರಿ ತಲೆಬಾಗಿಸುತ್ತದೆ. ಆದುದರಿಂದ ನೀರಿನಲ್ಲಿ ಮುಳುಗುವ ಎಲೆಗಳನ್ನು ಕಿತ್ತು, ದಿನವೂ ನೀರನ್ನು ಬದಲಾಯಿಸಿ, ಕಾಂಡದ ತುದಿಯನ್ನು ಹರಿತವಾದ ಚಾಕುವಿನಿಂದ ಸ್ವಲ್ಪ ಕೊಯ್ಯಬೇಕು. ಉದ್ದನೆಯ ಸುಗಂಧರಾಜದ ಭಾರಕ್ಕೆ ಭರಣಿ ವಾಲುವಂತಿದ್ದರೆ ತಳದಲ್ಲಿ ನುಣುಪಾದ ಹೊಳೆಗಲ್ಲುಗಳನ್ನು ಹಾಕಬಹುದು. ಅವನ್ನು ಮೇಲಿನಿಂದ ಬೀಳಿಸದೆ, ಭರಣಿಯನ್ನು ಓರೆಯಾಗಿ ಹಿಡಿದು ಒಂದೊಂದಾಗಿ ಒಳಗೆ ಜಾರಿಸಬೇಕು.