ಮೂಲೆಯಲ್ಲಿದೆ ಕ್ರ್ಯಾಂಕ್‌ನ ಆಯುಷ್ಯ

ಮುರಿದ ಕ್ರ್ಯಾಂಕ್‌ಶಾಫ್ಟ್ ಕೈಗೆ ಸಿಕ್ಕರೆ ಬಿರುಕು ಎಲ್ಲಿಂದ ಹೊರಟಿತು ಎಂದು ಹುಡುಕಿ ನೋಡಿ. ಬಹಳ ಸಲ ಸಿಗುವುದು ಒಂದೇ ಜಾಗ. ಕನೆಕ್ಟಿಂಗ್ ರಾಡ್ ಕೂರುವ ಪಿನ್ನಿನ ದುಂಡನೆಯ ಮೈ ಮುಗಿದು ಪಕ್ಕದ ದಪ್ಪ ತೋಳು ಎದ್ದು ನಿಲ್ಲುತ್ತದಲ್ಲ, ಆ ಮೂಲೆ. ಕಣ್ಣಿಗೆ ಬೀಳದಷ್ಟು ಸಣ್ಣ ಜಾಗ. ಪಿಸ್ಟನ್ ಒಂದೊಂದು ಸಲ ಒತ್ತಿದಾಗಲೂ ಕ್ರ್ಯಾಂಕ್ ತುಸು ಬಾಗುತ್ತದೆ, ತುಸು ತಿರುಚುತ್ತದೆ. ಆ ಬಾಗಿನ ಒತ್ತಡವೆಲ್ಲ ಬಂದು ಸೇರುವುದು ಅಲ್ಲಿಗೇ. ಮೂಲೆ ಚೂಪಾಗಿದ್ದರೆ ಕಬ್ಬಿಣ ಅಲ್ಲೇ ಸೀಳುತ್ತದೆ. ಅಲ್ಲಿ ಕೆಲವೇ ಮಿಲಿಮೀಟರಿನ ಗುಂಡು ತಿರುವು ಉಳಿದಿದ್ದರೆ ವರ್ಷಾನುಗಟ್ಟಲೆ ಓಡುತ್ತದೆ. ಕ್ರ್ಯಾಂಕ್ ಅರೆಯುವ ಅಂಗಡಿಗಳಲ್ಲಿ ಆ ತಿರುವಿಗೆ ‘ರೇಡಿಯಸ್’ ಎನ್ನುತ್ತಾರೆ.

ಬಳಿಚಕ್ರದಲ್ಲಿ ಹುಟ್ಟಿ, ಯಾದಗಿರಿಯಲ್ಲಿ ಕ್ರ್ಯಾಂಕ್ ಗ್ರೈಂಡಿಂಗ್ ಮಾಡುತ್ತ ಎಪ್ಪತ್ತು ದಾಟಿದ ಹಿರಿಯರೊಬ್ಬರನ್ನು ನೋಡಲು ಹೋದದ್ದು ಈ ರೇಡಿಯಸ್ಸಿನ ಕಾರಣಕ್ಕೇ. ಪತ್ರಿಕೆಯಲ್ಲಿ ಹೆಸರು ಬೇಡವೆಂದರು. ಅಂಗಡಿಯಲ್ಲಿ ಎಲ್ಲರೂ ಅವರನ್ನು ಕರೆಯುವುದು ಉಸ್ತಾದ್ ಎಂದು. ನಾನೂ ಹಾಗೇ ಕರೆದೆ.

ಅವತ್ತು ಬೆಂಚಿನ ಮೇಲೆ ಮಾರುತಿ ಜಿಪ್ಸಿಯ ಕ್ರ್ಯಾಂಕ್ ಇತ್ತು. ತಂದವನು ಬೆಂಗಳೂರಿನಲ್ಲಿ ಕೆಲಸಕ್ಕಿರುವ ಇದೇ ಸೀಮೆಯ ಹುಡುಗ. ಹಳೆಯ ಜಿಪ್ಸಿಯನ್ನು ರ‍್ಯಾಲಿಗೆ ಸಿದ್ಧಮಾಡುವ ಆಸೆ ಅವನದು. ಕರ್ನಾಟಕ ಮೋಟಾರ್ ಸ್ಪೋರ್ಟ್ಸ್ ಕ್ಲಬ್ ನಡೆಸುವ ಕೆ-1000 ರ‍್ಯಾಲಿಯನ್ನು ಕಂಡವರಿಗೆ ಆ ಆಸೆ ಅರ್ಥವಾಗುತ್ತದೆ. ಜಿಪ್ಸಿ ನಮ್ಮ ದೇಶದ ರ‍್ಯಾಲಿ ಹಾದಿಗಳಲ್ಲಿ ದಶಕಗಳ ಕಾಲ ಓಡಿದ ಗಾಡಿ. 1.3 ಲೀಟರ್ ಎಂಜಿನ್, ನಾಲ್ಕು ಸಿಲಿಂಡರ್, ಬೋರ್ (ಸಿಲಿಂಡರಿನ ಒಳಅಗಲ) 74 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಓಡುವ ದೂರ) 75.5 ಮಿ.ಮೀ.

“ಕಾಕಾ, ಸ್ಟ್ರೋಕ್ ಹೆಚ್ಚಿಗಿ ಮಾಡ್ರಿ, ವೇಟ್ ಕಮ್ಮಿ ಮಾಡ್ರಿ,” ಅಂದ ಹುಡುಗ.

ಉಸ್ತಾದ್ ಕ್ರ್ಯಾಂಕನ್ನು ಎತ್ತಿ ಬೆಳಕಿಗೆ ಹಿಡಿದರು. “ಮಾಡೋದು ದೊಡ್ಡದಲ್ಲಪ್ಪಾ. ಮೊದ್ಲ ಇದು ತಡೀತದೇನು ನೋಡೋಣ.”

ನೋಡುವ ಕೆಲಸಕ್ಕೇ ಅರ್ಧ ದಿನ ಹಿಡಿಯಿತು. ಕ್ರ್ಯಾಂಕನ್ನು ಹಗ್ಗಕ್ಕೆ ಇಳಿಬಿಟ್ಟು ಸಣ್ಣ ಸುತ್ತಿಗೆಯಿಂದ ಒಂದೊಂದು ತೋಳನ್ನೂ ಮೆಲ್ಲಗೆ ತಟ್ಟಿದರು. ಗಟ್ಟಿ ಕ್ರ್ಯಾಂಕ್ ಗುಡಿಯ ಗಂಟೆಯಂತೆ ನಾದ ಎಳೆಯುತ್ತದೆ; ಬಿರುಕು ಬಿಟ್ಟದ್ದು ‘ಠಕ್’ ಎಂದು ನಿಂತುಬಿಡುತ್ತದೆ. ಆಮೇಲೆ ಮೂಲೆಮೂಲೆಗೂ ಸೀಮೆಎಣ್ಣೆ ಸವರಿ, ಸ್ವಲ್ಪ ಹೊತ್ತು ಬಿಟ್ಟು, ಒಣಬಟ್ಟೆಯಿಂದ ಒರೆಸಿ, ಮೇಲೆ ಸೀಮೆಸುಣ್ಣದ ಪುಡಿ ಉದುರಿಸಿದರು. ಬಿರುಕಿದ್ದರೆ ಒಳಗೆ ಹೊಕ್ಕ ಎಣ್ಣೆ ಮೆಲ್ಲಗೆ ಹೊರಬಂದು ಬಿಳಿ ಪುಡಿಯ ಮೇಲೆ ಕಪ್ಪು ಗೆರೆ ಬರೆಯುತ್ತದೆ. ದೊಡ್ಡ ಕಾರ್ಖಾನೆಗಳಲ್ಲಿ ಇದೇ ಕೆಲಸಕ್ಕೆ ಕ್ರ್ಯಾಂಕನ್ನು ಅಯಸ್ಕಾಂತಗೊಳಿಸಿ ಕಬ್ಬಿಣದ ನುಣ್ಣನೆ ಪುಡಿ ಹರಿಸುತ್ತಾರೆ. ಕೂದಲೆಳೆಗಿಂತ ಸಣ್ಣ ಬಿರುಕೂ ಅದರಲ್ಲಿ ಕಾಣುತ್ತದೆ. ರೇಸಿನ ಎಂಜಿನ್ನಿಗೆ ಆ ಪರೀಕ್ಷೆ ಬೇಕೇ ಬೇಕು ಎಂದು ಉಸ್ತಾದರೇ ಹುಡುಗನಿಗೆ ಹೇಳಿದರು. ತಮ್ಮಲ್ಲಿಲ್ಲದ ಮೆಷಿನ್ನಿನ ಬಗ್ಗೆ ಅವರಿಗೆ ಯಾವ ಬಿಗುಮಾನವೂ ಇಲ್ಲ.

ಮುಂದಿನದು ವಿ-ಬ್ಲಾಕ್ ಮೇಲೆ ಮಲಗಿಸಿ ಡಯಲ್ ಗೇಜ್ ಹಚ್ಚಿ ತಿರುಗಿಸುವುದು, ಡೊಂಕಿದೆಯೇ ನೋಡುವುದು. ಅದಾದ ಮೇಲೆ ಮೈಕ್ರೋಮೀಟರ್. ಒಂದು ಪಿನ್ನನ್ನು ಅಡ್ಡಕ್ಕೆ, ಉದ್ದಕ್ಕೆ, ಈ ಅಂಚಿಗೆ, ಆ ಅಂಚಿಗೆ ಅಳೆದು ಗೋಡೆಯ ಹಲಗೆಯ ಮೇಲೆ ಬರೆದರು. ಸವೆತ ಎಂದೂ ಎಲ್ಲ ಕಡೆ ಒಂದೇ ಸಮ ಇರುವುದಿಲ್ಲ. ಪಿನ್ ಮೊಟ್ಟೆಯಾಕಾರಕ್ಕೆ ತಿರುಗಿರುತ್ತದೆ. ಆ ಮೊಟ್ಟೆಯನ್ನು ಮತ್ತೆ ದುಂಡು ಮಾಡಲು ಎಷ್ಟು ತೆಗೆಯಬೇಕೋ ಅದರ ಮೇಲೆ ಸೈಜು ನಿಲ್ಲುತ್ತದೆ. ಹತ್ತು, ಇಪ್ಪತ್ತು, ಮೂವತ್ತು, ನಲವತ್ತು ಎನ್ನುತ್ತಾರೆ. ಇಂಚಿನ ಸಾವಿರದ ಭಾಗದ ಲೆಕ್ಕ. ಹತ್ತು ಎಂದರೆ ಕಾಲು ಮಿಲಿಮೀಟರ್, ನಲವತ್ತು ಎಂದರೆ ಹೆಚ್ಚುಕಡಿಮೆ ಒಂದು ಮಿಲಿಮೀಟರ್. ಅಂಗಡಿಯಲ್ಲಿ ಸಿಗುವ ಬೇರಿಂಗುಗಳೂ ಅದೇ ಸೈಜಿನವು. ಬೇರಿಂಗಿಗೂ ಪಿನ್ನಿಗೂ ನಡುವೆ ಎಣ್ಣೆ ನಿಲ್ಲಲು ಉಳಿಯುವ ಸಂದು ಒಂದು ಮಿಲಿಮೀಟರಿನ ನೂರರಲ್ಲಿ ಮೂರರಿಂದ ಆರು ಭಾಗ. ಇಡೀ ಎಂಜಿನ್ ನಿಂತಿರುವುದು ಆ ಎಣ್ಣೆಯ ಪೊರೆಯ ಮೇಲೆ.

ಈಗ ರೇಡಿಯಸ್ಸಿಗೆ ಬರೋಣ. ಗ್ರೈಂಡಿಂಗ್ ಕಲ್ಲಿನ ಅಂಚು ಎಷ್ಟು ಗುಂಡಾಗಿರುತ್ತದೋ ಪಿನ್ನಿನ ಮೂಲೆಯೂ ಅಷ್ಟೇ ಗುಂಡಾಗುತ್ತದೆ. ಆದ್ದರಿಂದ ಕ್ರ್ಯಾಂಕ್ ಮುಟ್ಟುವ ಮೊದಲು ಕಲ್ಲನ್ನು ತಯಾರು ಮಾಡಬೇಕು. ತಿರುಗುವ ಕಲ್ಲಿನ ಅಂಚಿಗೆ ವಜ್ರದ ಮೊನೆಯ ಡ್ರೆಸ್ಸರ್ ಹಿಡಿದು ಕಮಾನಿನಂತೆ ತಿರುಗಿಸುತ್ತಾರೆ. ಹುಡುಗರಾದರೆ ಎರಡೇ ಎಳೆತಕ್ಕೆ ಮುಗಿಸಿ ಕೈ ಝಾಡಿಸಿಕೊಳ್ಳುತ್ತಾರೆ. ಉಸ್ತಾದ್ ಹಾಗಲ್ಲ. ಒಂದು ಎಳೆತ ಎಳೆದರು, ಕಲ್ಲು ನಿಲ್ಲಿಸಿದರು, ರೇಡಿಯಸ್ ಗೇಜಿನ ತೆಳು ತಗಡನ್ನು ಅಂಚಿಗೆ ಆನಿಸಿ ಹಿಂದೆ ಬ್ಯಾಟರಿ ಬೆಳಕು ಹಿಡಿಸಿದರು. ತಗಡಿಗೂ ಕಲ್ಲಿಗೂ ನಡುವೆ ಬೆಳಕಿನ ಎಳೆ ಎಲ್ಲಿ ತೂರುತ್ತದೆ ಎಂದು ಕಣ್ಣು ಕಿರಿದು ಮಾಡಿ ನೋಡಿದರು. ಮತ್ತೆ ಕಲ್ಲು ಓಡಿಸಿದರು. ಮತ್ತೆ ನಿಲ್ಲಿಸಿದರು. ಎಡ ಅಂಚು, ಬಲ ಅಂಚು, ಎರಡಕ್ಕೂ ಇದೇ ಉಪಚಾರ. ಗಿರಾಕಿ ಗಡಿಯಾರ ನೋಡಿದ. ಉಸ್ತಾದ್ ನೋಡಲಿಲ್ಲ.

“ಪಿನ್ ಸೈಜ್ ಎಲ್ಲಾರೂ ಅಳೀತಾರ್ರಿ. ಮೂಲಿ ಯಾರೂ ಅಳಿಯಂಗಿಲ್ಲ,” ಎಂದರು. “ಮೂಲಿ ಖರಾಬ್ ಮಾಡಿದ್ರೂ ಎಂಜಿನ್ ಚಾಲೂ ಆಗ್ತದ. ಚಲೋ ಓಡ್ತದ. ಮುಂದ ಒಂದಿನ ಲೋಡ್ ಬಿದ್ದಾಗ ಮುರೀತದ. ಆವಾಗ ಆಯಿಲ್ ಸರಿ ಇಲ್ಲ ಅಂತಾರ, ಡ್ರೈವರ್ ಸರಿ ಇಲ್ಲ ಅಂತಾರ. ಮಾಡಿದವನ ಹೆಸರು ಹೊರಗ ಬರಂಗೇ ಇಲ್ರಿ.”

ತಿರುವು ಕಡಿಮೆಯಾಗಬಾರದು ನಿಜ. ಅತಿಯೂ ಆಗುವಂತಿಲ್ಲ. ತಿರುವು ದೊಡ್ಡದಾದರೆ ಬೇರಿಂಗಿನ ಅಂಚು ಅದರ ಮೇಲೆ ಹತ್ತಿ ಕೂರುತ್ತದೆ, ಉಜ್ಜಿ ಕಾಯುತ್ತದೆ. ರೇಸಿಗೆ ಕಟ್ಟುವವರು ಬೇಕೆಂದೇ ತಿರುವನ್ನು ತುಸು ದೊಡ್ಡದು ಮಾಡಿಸಿ, ಬೇರಿಂಗಿನ ಅಂಚನ್ನು ಅಷ್ಟೇ ಓರೆಯಾಗಿ ಅರೆಯುತ್ತಾರೆ. ಗ್ರೈಂಡ್ ಮಾಡುವಾಗ ಕೂಲಂಟ್ ನೀರು ಕಡಿಮೆಯಾದರೆ ಪಿನ್ನಿನ ಮೈ ನೀಲಿಯಾಗುತ್ತದೆ. ಪಾಲಿಶ್ ಹೊಡೆದರೆ ನೀಲಿ ಹೋಗುತ್ತದೆ, ಆದರೆ ಸುಟ್ಟ ಗಾಯ ಒಳಗೇ ಉಳಿಯುತ್ತದೆ. ಎಣ್ಣೆಯ ತೂತಿನ ಬಾಯಿಯಲ್ಲಿ ಚೂಪು ಅಂಚು ನಿಂತರೆ ಅದು ಬೇರಿಂಗನ್ನು ಕೆರೆಯುತ್ತದೆ. ಆ ಬಾಯನ್ನೂ ಕೈಯಿಂದಲೇ ನಯಗೊಳಿಸಬೇಕು.

ಸ್ಟ್ರೋಕ್ ಹೆಚ್ಚಿಸುವ ಲೆಕ್ಕ ಕೇಳಲು ಸುಲಭ. ಪಿನ್ನನ್ನು ಅದರ ನಡುಬಿಂದುವಿನ ಸುತ್ತ ಸಮನಾಗಿ ಅರೆಯದೆ ಒಳಗಿನ ಕಡೆಯಿಂದಷ್ಟೇ 2 ಮಿ.ಮೀ. ತೆಗೆದರೆ, ಪಿನ್ನಿನ ನಡುಬಿಂದು 1 ಮಿ.ಮೀ. ಹೊರಗೆ ಸರಿಯುತ್ತದೆ. ಸ್ಟ್ರೋಕ್ ಅದರ ಎರಡು ಪಟ್ಟು ಹೆಚ್ಚಿ 75.5 ಇದ್ದದ್ದು 77.5 ಆಗುತ್ತದೆ. ಮೆಷಿನ್ನಿನಲ್ಲಿ ಇದಕ್ಕಾಗಿ ಕ್ರ್ಯಾಂಕನ್ನು ನಡುವಿನಿಂದ 37.75ರ ಬದಲು 38.75 ಮಿ.ಮೀ. ದೂರಕ್ಕೆ ಹಿಡಿದು ತಿರುಗಿಸಬೇಕು. ಇಷ್ಟೆಲ್ಲ ಮಾಡಿ ಸಿಗುವುದು 34 ಸಿ.ಸಿ. ಅದಕ್ಕೆ ತೆರುವ ಬೆಲೆ ಏನು? ಪಿನ್ ತೆಳ್ಳಗಾಗುತ್ತದೆ, ಸಣ್ಣ ಬಾಯಿಯ ಬೇರೆ ಕನೆಕ್ಟಿಂಗ್ ರಾಡ್ ಹುಡುಕಬೇಕು, ಪಿಸ್ಟನ್ 1 ಮಿ.ಮೀ. ಮೇಲೇರುವುದರಿಂದ ಅದಕ್ಕೂ ದಾರಿ ಮಾಡಬೇಕು. ಮೇಲ್ಮೈಯನ್ನು ಗಟ್ಟಿ ಮಾಡಿದ ಪದರವೂ ಅರೆದು ಹೋಗುತ್ತದೆ. ನೈಟ್ರೈಡಿಂಗ್ ಮಾಡಿದ ಕ್ರ್ಯಾಂಕ್ ಆದರೆ ಆ ಪದರ ಬಹಳ ತೆಳು, ಅರೆದ ಮೇಲೆ 500 ಡಿಗ್ರಿ ಸೆಲ್ಸಿಯಸ್‌ಗೂ ಮೀರಿದ ಶಾಖದಲ್ಲಿ ಮತ್ತೆ ಮಾಡಿಸಬೇಕು. ರ‍್ಯಾಲಿಯ ಕೆಲವು ವರ್ಗಗಳಲ್ಲಿ ಕಂಪನಿಯ ಕ್ರ್ಯಾಂಕನ್ನು ಮುಟ್ಟುವಂತೆಯೇ ಇಲ್ಲ. ಇದೆಲ್ಲ ಕೇಳಿದ ಮೇಲೆ ಹುಡುಗ ಸ್ಟ್ರೋಕಿನ ಆಸೆ ಬಿಟ್ಟ. ಹತ್ತರ ಸೈಜಿಗೆ ಅರೆದು, ರೇಡಿಯಸ್ ಸರಿಪಡಿಸಿ, ಪಾಲಿಶ್ ಮಾಡಿ ಕೊಡುವುದೆಂದು ತೀರ್ಮಾನವಾಯಿತು. ನನಗೂ ಅದೇ ಸರಿಯೆನಿಸಿತು.

ಉಳಿದದ್ದು ತೂಕ. ಪಂಪ್‌ಸೆಟ್ ಎಂಜಿನ್ನಿಗೂ ರೇಸ್ ಎಂಜಿನ್ನಿಗೂ ಇರುವ ಅಂತರ ಇಲ್ಲಿ ತಿಳಿಯುತ್ತದೆ. ನಡುಬಿಂದುವಿನಿಂದ 40 ಮಿ.ಮೀ. ದೂರದಲ್ಲಿ ಹತ್ತು ಗ್ರಾಂ ತೂಕ ಒಂದು ಕಡೆ ಹೆಚ್ಚಿದೆ ಎನ್ನಿ. ನಮ್ಮ ಹೊಲದ ಕಿರ್ಲೋಸ್ಕರ್ ಎಂಜಿನ್ ನಿಮಿಷಕ್ಕೆ 1500 ಸುತ್ತು ತಿರುಗುವಾಗ ಆ ಹತ್ತು ಗ್ರಾಂ ಸುಮಾರು ಒಂದು ಕಿಲೋ ಭಾರದಷ್ಟು ಎಳೆಯುತ್ತದೆ. 7000 ಸುತ್ತಿನಲ್ಲಿ ಅದೇ ಹತ್ತು ಗ್ರಾಂ 22 ಕಿಲೋ ಭಾರದಷ್ಟು ಎಳೆಯುತ್ತದೆ. ಎಳೆತ ಹೆಚ್ಚುವುದು ವೇಗದ ವರ್ಗದಂತೆ. ಹತ್ತು ಗ್ರಾಂ ತೆಗೆಯಲು ಬೇಕಾದದ್ದು ಹತ್ತು ಮಿ.ಮೀ. ಡ್ರಿಲ್ಲು 16 ಮಿ.ಮೀ. ಆಳಕ್ಕೆ ಇಳಿಯುವುದು, ಅಷ್ಟೇ. ಆದರೆ ಎಲ್ಲಿ ಇಳಿಸಬೇಕು ಎಂದು ಹೇಳಲು ಬ್ಯಾಲೆನ್ಸಿಂಗ್ ಮೆಷಿನ್ ಬೇಕು. ಅದಕ್ಕೆ ಇಲ್ಲಿಂದ ಹೈದರಾಬಾದಿಗೋ ಬೆಂಗಳೂರಿಗೋ ಕ್ರ್ಯಾಂಕ್ ಹೊತ್ತೊಯ್ಯಬೇಕು. ತೋಳುಗಳ ಅಂಚನ್ನು ಕತ್ತಿಯಲಗಿನಂತೆ ತೆಳ್ಳಗೆ ಕೊರೆಸಿ ಎಣ್ಣೆ ಸೀಳಿಕೊಂಡು ಹೋಗುವಂತೆ ಮಾಡುವ ಪದ್ಧತಿಯೂ ರೇಸಿನವರಲ್ಲಿದೆ. ಲೆಕ್ಕವಿಲ್ಲದೆ ತೂಕ ಇಳಿಸಿದರೆ ಮೇನ್ ಬೇರಿಂಗಿನ ಮೇಲೆ ಹೊರೆ ಬೀಳುತ್ತದೆ.

ಈ ಊರಿಗೆ ಈ ಕಸುಬು ಹೇಗೆ ಬಂತು? ಉಸ್ತಾದ್ ಹೇಳುವಂತೆ ಮೊದಲು ಹತ್ತಿಯ ಜಿನ್ನಿಂಗ್ ಮಿಲ್ಲುಗಳ ಆಯಿಲ್ ಎಂಜಿನ್, ಆಮೇಲೆ ಲಾರಿ, ಆಮೇಲೆ ಪಂಪ್‌ಸೆಟ್, ಕೊನೆಗೆ ಟ್ರ್ಯಾಕ್ಟರ್. ಮುಂಬೈ–ಮದ್ರಾಸ್ ರೈಲುಮಾರ್ಗ 1871ರಲ್ಲಿ ರಾಯಚೂರಿನಲ್ಲಿ ಕೂಡಿಕೊಂಡ ಮೇಲೆ ಯಾದಗಿರಿಗೆ ಯಂತ್ರಗಳು ಬರುವ ದಾರಿ ತೆರೆಯಿತು. ನಾರಾಯಣಪುರ ಜಲಾಶಯದ ಕಾಲುವೆ ನೀರು ಸುರಪುರ, ಶಹಾಪುರಗಳ ಹೊಲಕ್ಕೆ ಹರಿದು ಭತ್ತ ಬಂತು. ಭತ್ತದ ಕೆಸರಿಗೆ ಟ್ರ್ಯಾಕ್ಟರ್ ಬಂತು. ಟ್ರ್ಯಾಕ್ಟರ್ ಹಿಂದೆ ಸೀಜ್ ಆದ ಎಂಜಿನ್ನುಗಳು ಸಾಲಾಗಿ ಬಂದವು. ಉಸ್ತಾದ್ ಕೆಲಸ ಕಲಿತದ್ದು ಹರಿಹರದ ಮೈಸೂರು ಕಿರ್ಲೋಸ್ಕರ್ ಲೇಥಿನ ಮೇಲೆ. 1941ರಲ್ಲಿ ಶುರುವಾದ ಆ ಕಾರ್ಖಾನೆ ಇಂದು ಇಲ್ಲ, ಅದು ಮಾಡಿದ ಲೇಥುಗಳು ಊರೂರಲ್ಲಿ ಇನ್ನೂ ತಿರುಗುತ್ತಿವೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಜಾವಾ, ಯೆಜ್ಡಿ ಬೈಕುಗಳ ಕ್ರ್ಯಾಂಕ್ ಬಿಚ್ಚಿ, ಪಿನ್ ಒತ್ತಿ, ಅಲೈನ್ ಮಾಡಿದ ದಿನಗಳನ್ನು ಹೇಳುವಾಗ ಅವರ ಮುಖ ಅರಳಿತು. ಆ ಕಾರ್ಖಾನೆಯೂ 1996ರಲ್ಲಿ ಬಾಗಿಲು ಹಾಕಿತು.

ಕ್ರ್ಯಾಂಕಿನಂಥ ಭಾಗಗಳನ್ನು ಬಡಿದು ರೂಪಿಸಲು ಬೇಕಾದ ಉಕ್ಕು ಇದೇ ಕಲ್ಯಾಣ ಕರ್ನಾಟಕದ ಕೊಪ್ಪಳ ಜಿಲ್ಲೆಯ ಗಿಣಿಗೇರಾದಲ್ಲಿ, ಕಲ್ಯಾಣಿ ಸ್ಟೀಲ್ಸ್‌ನಲ್ಲಿ ತಯಾರಾಗುತ್ತದೆ. ಅದೇ ಸಮೂಹದ ಪುಣೆಯ ಭಾರತ್ ಫೋರ್ಜ್ ಜಗತ್ತಿನ ದೊಡ್ಡ ವಾಹನ ಕಂಪನಿಗಳಿಗೆ ಕ್ರ್ಯಾಂಕ್ ಒದಗಿಸುತ್ತದೆ. ಯಾದಗಿರಿ ಜಿಲ್ಲೆಯಲ್ಲೇ ಕಡೇಚೂರಿನ ಬಳಿ ರೈಲ್ವೆಯ ಬೋಗಿ ಕಾರ್ಖಾನೆಯೂ ಬಂದಿದೆ. ಉಕ್ಕು ಇಲ್ಲಿದೆ, ಕಾರ್ಖಾನೆ ಇಲ್ಲಿದೆ, ಮೈಕ್ರಾನ್ ಲೆಕ್ಕದಲ್ಲಿ ಕೈ ಆಡಿಸಬಲ್ಲ ಹಿರಿಯರು ಇಲ್ಲಿದ್ದಾರೆ. ಇವುಗಳನ್ನು ಒಂದಕ್ಕೊಂದು ಕೂಡಿಸುವ ಮನಸ್ಸು ಮಾತ್ರ ಯಾರೂ ಮಾಡಿಲ್ಲ ಎಂಬುದು ನನ್ನ ಬೇಸರ.

ಕೆಲಸ ಕಡಿಮೆಯಾಗುತ್ತಿದೆ. ಹೊಲಗಳಿಗೆ ಕರೆಂಟಿನ ಮೋಟಾರು ಬಂದ ಮೇಲೆ ಪಂಪ್‌ಸೆಟ್ ಕ್ರ್ಯಾಂಕ್ ಬರುವುದು ಅಪರೂಪ. ಹೊಸ ಕಾರುಗಳ ಎಷ್ಟೋ ಎಂಜಿನ್ನುಗಳಿಗೆ ಕಂಪನಿಯವರು ಅಂಡರ್‌ಸೈಜ್ ಬೇರಿಂಗನ್ನೇ ಕೊಡುವುದಿಲ್ಲ. ಕ್ರ್ಯಾಂಕ್ ಸವೆದರೆ ಹೊಸದು ಹಾಕು ಎನ್ನುತ್ತಾರೆ. ಕಲಿಯಲು ಬಂದ ಹುಡುಗರು ಎರಡು ತಿಂಗಳಿಗೆ ಬೇಸತ್ತು ಬೆಂಗಳೂರಿಗೆ, ಹೈದರಾಬಾದಿಗೆ ಹೋಗುತ್ತಾರೆ. ಅವರದು ತಪ್ಪೆನ್ನಲಾಗದು, ಇಲ್ಲಿ ದಿನವಿಡೀ ಕೂಲಂಟಿನಲ್ಲಿ ತೋಯ್ದರೂ ಕೈಗೆ ಬರುವುದು ಸ್ವಲ್ಪ. ಉಸ್ತಾದರ ಮಗ ಬೇರೆ ಕೆಲಸದಲ್ಲಿದ್ದಾನೆ.

ಐಟಿಐಗಳಲ್ಲಿ ‘ಮೆಷಿನಿಸ್ಟ್ ಗ್ರೈಂಡರ್’ ಎಂಬ ಎರಡು ವರ್ಷದ ತರಬೇತಿ ಇದೆ. ಆ ಮಕ್ಕಳನ್ನು ಕನಿಷ್ಠ ಒಂದು ತಿಂಗಳು ಇಂಥ ಅಂಗಡಿಗಳಲ್ಲಿ ಕೂರಿಸಿ, ಉಸ್ತಾದರಿಗೆ ಗೌರವಧನ ಕೊಡಬೇಕು. ಬೆಂಗಳೂರಿನ ಆರ್.ವಿ. ಕಾಲೇಜಿನ ಅಶ್ವ ರೇಸಿಂಗ್ ತಂಡದಂತೆ ವಿದ್ಯಾರ್ಥಿಗಳೇ ರೇಸ್ ಕಾರು ಕಟ್ಟುವ ಕಾಲ ಇದು. ಕಲಬುರಗಿ, ರಾಯಚೂರಿನ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೂ ಅಂಥ ಆಸೆ ಇದ್ದರೆ, ಕಂಪ್ಯೂಟರಿನಲ್ಲಿ ಒತ್ತಡದ ಚಿತ್ರ ಬಿಡಿಸಿದ ಮೇಲೆ ಒಮ್ಮೆ ಇಲ್ಲಿಗೆ ಬರಲಿ. ಕೆಂಪು ಬಣ್ಣದಲ್ಲಿ ಕಾಣುವ ಆ ಮೂಲೆಯನ್ನು ಕಲ್ಲಿನಲ್ಲಿ ತಿದ್ದುವುದು ಹೇಗೆಂದು ಉಸ್ತಾದ್ ತೋರಿಸುತ್ತಾರೆ.

ಕ್ರ್ಯಾಂಕ್ ಒಯ್ಯುವವರಿಗೆ ಒಂದು ಮಾತು. ಕ್ರ್ಯಾಂಕ್ ಒಂದನ್ನೇ ಒಯ್ಯಬೇಡಿ. ರಾಡು, ಹಳೆಯ ಬೇರಿಂಗು, ಬೇರಿಂಗ್ ಕ್ಯಾಪು ಎಲ್ಲವನ್ನೂ ಜೊತೆಗೆ ಒಯ್ಯಿರಿ. ಹಳೆಯ ಬೇರಿಂಗಿನ ಸವೆತ ನೋಡಿದರೆ ಕ್ರ್ಯಾಂಕಿನ ರೋಗ ಉಸ್ತಾದರಂಥವರಿಗೆ ತಿಳಿಯುತ್ತದೆ. ಸಂಜೆಯೊಳಗೆ ಕೊಡಿ ಎಂದು ಅವಸರ ಮಾಡಬೇಡಿ.